ಪದ ಪರಿಚಯ: ನಾಲ್ಕನೇ ಅನುಸೂಚಿ – ವಿದೇಶಿ ಹಾವು ತರಿಸುವವರ ಹೊಣೆ

ವನ್ಯಜೀವಿ (ಸಂರಕ್ಷಣೆ) ಕಾಯಿದೆ, 1972ಕ್ಕೆ 2022ರಲ್ಲಿ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಅದನ್ನು ಜಾರಿಗೊಳಿಸಲಾಯಿತು. ಆ ತಿದ್ದುಪಡಿಯ ನಂತರ ‘ನಾಲ್ಕನೇ ಅನುಸೂಚಿ’ ಎಂಬುದು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಹೆಸರಿರುವ ಪ್ರಾಣಿ ಮತ್ತು ಸಸ್ಯಗಳ ಪಟ್ಟಿಯಾಗಿದೆ. ಹಳೆಯ ಪುಸ್ತಕಗಳನ್ನು ಓದಿದವರು ಇಲ್ಲಿ ಎಡವುವ ಸಾಧ್ಯತೆ ಹೆಚ್ಚು. ತಿದ್ದುಪಡಿಗೆ ಮುನ್ನ ಇದೇ ನಾಲ್ಕನೇ ಅನುಸೂಚಿಯಲ್ಲಿ ನಮ್ಮ ನೆಲದ ಅನೇಕ ಸಾಮಾನ್ಯ ಹಾವುಗಳಿದ್ದವು. ಈಗ ರಕ್ಷಿತ ಸ್ಥಳೀಯ ಹಾವುಗಳ ಸ್ಥಾನ ಮೊದಲ ಎರಡು ಅನುಸೂಚಿಗಳಲ್ಲಿದೆ. ಹೀಗಾಗಿ ತುಮಕೂರು, ಕೋಲಾರದ ಹೊಲಗಳಲ್ಲಿ ಕಾಣಸಿಗುವ ನಾಗರಹಾವು, ಕೊಳಕುಮಂಡಲ ಅಥವಾ ‘ಎರಡು ತಲೆ ಹಾವು’ ಎಂದು ಕಳ್ಳದಂಧೆಗೆ ಬಲಿಯಾಗುತ್ತಿರುವ ಮಣ್ಣುಮುಕ್ಕವನ್ನು ಮನೆಯಲ್ಲಿ ಸಾಕಲು ಯಾವ ನೋಂದಣಿಯೂ ದಾರಿ ಮಾಡಿಕೊಡುವುದಿಲ್ಲ. ಈ ಬರಹ ಹೊರದೇಶದ ಹಾವುಗಳಿಗೆ ಮಾತ್ರ ಸಂಬಂಧಿಸಿದ್ದು.

ಸೈಟಿಸ್ ಒಪ್ಪಂದಕ್ಕೆ 1973ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು. ಭಾರತ 1976ರಲ್ಲಿ ಅದನ್ನು ಸೇರಿತು. ಇದರ ಮೊದಲ ಅನುಬಂಧದಲ್ಲಿರುವ ಜೀವಿಗಳನ್ನು ಮುಖ್ಯವಾಗಿ ವ್ಯಾಪಾರದ ಉದ್ದೇಶಕ್ಕಾಗಿ ತರುವಂತಿಲ್ಲ. ಉಳಿದ ಉದ್ದೇಶಗಳಿಗೂ ರಫ್ತು ಮಾಡುವ ದೇಶ ಮತ್ತು ಆಮದು ಮಾಡಿಕೊಳ್ಳುವ ದೇಶ ಎರಡರ ಪರವಾನಗಿಯೂ ಬೇಕು. ಸಾಕುವವರಿಗೆ ಪ್ರಿಯವಾದ ಆಫ್ರಿಕಾದ ಬಾಲ್ ಪೈಥಾನ್, ದಕ್ಷಿಣ ಅಮೆರಿಕದ ಹಳದಿ ಅನಕೊಂಡ ಎರಡನೇ ಅನುಬಂಧದಲ್ಲಿವೆ. ಇವುಗಳಿಗೆ ಒಪ್ಪಂದ ಕೇಳುವುದು ಹೊರಟ ದೇಶದ ರಫ್ತು ಪರವಾನಗಿ ಅಥವಾ ಮರುರಫ್ತು ಪ್ರಮಾಣಪತ್ರವನ್ನು. ಅದರಲ್ಲಿ ಹಾವಿನ ವೈಜ್ಞಾನಿಕ ಹೆಸರು, ಸಂಖ್ಯೆ ಮತ್ತು ಮೂಲವನ್ನು ತಿಳಿಸುವ ಸಂಕೇತಾಕ್ಷರ ಇರುತ್ತವೆ: ಕಾಡಿನಿಂದ ಹಿಡಿದದ್ದಕ್ಕೆ ‘ಡಬ್ಲ್ಯೂ’, ಬಂಧನದಲ್ಲಿ ತಳಿಯೆಬ್ಬಿಸಿದ್ದಕ್ಕೆ ‘ಸಿ’. ರಫ್ತು ಪರವಾನಗಿಯನ್ನು ಕೊಟ್ಟ ದಿನದಿಂದ ಆರು ತಿಂಗಳೊಳಗೆ ಬಳಸಬೇಕು. ಇದೇ ಹಾವಿಗಾಗಿ ಕೊಟ್ಟದ್ದು ಎಂದು ತೋರಿಸಲಾಗದ ಪರವಾನಗಿಯ ನಕಲು ಪ್ರತಿಗೆ ಕಾನೂನಿನ ಕಣ್ಣಿನಲ್ಲಿ ಬೆಲೆಯಿಲ್ಲ. ಕೊಳ್ಳುವವರು ಮೊದಲು ನೋಡಬೇಕಾದದ್ದು ಹಾವಿನ ಬಣ್ಣವನ್ನಲ್ಲ, ಈ ಹೊಂದಾಣಿಕೆಯನ್ನು.

ಭಾರತದ ಕಡೆಯ ಕಾಗದಗಳು ಬೇರೆಯೇ ಇವೆ. ಜೀವಂತ ಹಾವನ್ನು ತರಲು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ, ಅಂದರೆ ಡಿಜಿಎಫ್‌ಟಿಯಿಂದ, ಆಮದು ಪರವಾನಗಿ ಪಡೆಯಬೇಕು. ಕೇಂದ್ರ ಪರಿಸರ ಸಚಿವಾಲಯದ 2020ರ ಸಲಹಾ ಸೂಚನೆಯಂತೆ, ಆ ಅರ್ಜಿಯೊಂದಿಗೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ನಿರಾಕ್ಷೇಪಣಾ ಪತ್ರವೂ ಇರಬೇಕು. ತುಮಕೂರಿನವರಾಗಲಿ ಚಿಕ್ಕಬಳ್ಳಾಪುರದವರಾಗಲಿ ಇದಕ್ಕಾಗಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದತ್ತ ನೋಡಬೇಕಾಗುತ್ತದೆ. ಪ್ರಾಣಿಯ ಜೊತೆ ರೋಗ ಬರದಂತೆ ತಡೆಯುವ ಹೊಣೆ 1898ರ ಜಾನುವಾರು ಆಮದು ಕಾಯಿದೆಯಡಿ ಕೇಂದ್ರ ಪಶುಸಂಗೋಪನೆ ಇಲಾಖೆಯದು. ಅದರ ಅನುಮತಿಗೂ ಹೊರಟ ದೇಶದ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರಕ್ಕೂ ಹಾವು ಹೊರಡುವ ಮುನ್ನವೇ ವ್ಯವಸ್ಥೆ ಆಗಿರಬೇಕು. ಬಂದಿಳಿದ ಮೇಲೆ ಕಸ್ಟಮ್ಸ್‌ಗೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ವಿವರಗಳ ಘೋಷಣಾ ಪತ್ರ, ಸಲ್ಲಿಸಿ, ಕ್ವಾರಂಟೈನ್ ಅಧಿಕಾರಿಗಳ ತಪಾಸಣೆಗೆ ಒಪ್ಪಿಸಬೇಕು. ಅಮೆರಿಕದ ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ, ಆದ್ದರಿಂದ ನಾಲ್ಕನೇ ಅನುಸೂಚಿಗೂ ಸೇರುವುದಿಲ್ಲ. ಆದರೂ ಆಮದು ಪರವಾನಗಿ, ಆರೋಗ್ಯ ಅನುಮತಿ, ಕಸ್ಟಮ್ಸ್ ಈ ಮೂರರಿಂದ ಅದಕ್ಕೆ ವಿನಾಯಿತಿಯಿಲ್ಲ.

ಚಿಕ್ಕಬಳ್ಳಾಪುರದವರ ದಿನನಿತ್ಯದ ಹಾದಿಯಲ್ಲೇ ಇರುವ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಲಗೇಜಿನಲ್ಲಿ 10 ಹಳದಿ ಅನಕೊಂಡಗಳು ಸಿಕ್ಕವು. ಉಸಿರಾಡಲು ಹೆಣಗುವಂತೆ ಪೆಟ್ಟಿಗೆಯಲ್ಲಿ ತುರುಕಿದ ಜೀವಿಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಕಾನೂನು ಜೀವಂತ ಪ್ರಾಣಿಯ ಸಾಗಣೆಗೆ ಷರತ್ತು ಹಾಕಿರುವುದರ ಹಿಂದೆ ಈ ಸಂಕಟವೂ ಇದೆ. ಹಾವು ಪ್ರಯಾಣಿಕರ ಸಾಮಾನಿನ ಜೊತೆ ಬರುವ ವಸ್ತುವಲ್ಲ ಎಂಬುದನ್ನು ಸಾಕುವ ಆಸೆಯುಳ್ಳ ಯುವಕರಿಗೆ ಸ್ಪಷ್ಟವಾಗಿ ಹೇಳಬೇಕು.

ಹಾವು ಮನೆ ಸೇರಿದ ಮೇಲೆ ಹೊಣೆ ಮುಗಿಯಿತು ಎಂದು ಭಾವಿಸುವವರೇ ಹೆಚ್ಚು. ಆದರೆ ನಾಲ್ಕನೇ ಅನುಸೂಚಿಯ ನಿಜವಾದ ಭಾರ ಅಲ್ಲಿಂದಲೇ ಆರಂಭವಾಗುತ್ತದೆ. ಕಾಯಿದೆಯ 49ಎಂ ಸೆಕ್ಷನ್ ಮತ್ತು 2024ರ ಫೆಬ್ರವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ, ಈ ಅನುಸೂಚಿಯ ಜೀವಂತ ಪ್ರಾಣಿಯನ್ನು ಹೊಂದಿರುವವರು ಕೇಂದ್ರ ಪರಿಸರ ಸಚಿವಾಲಯದ ಜಾಲತಾಣವಾದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ನಿಯಮ ಬಂದಾಗ ಪ್ರಾಣಿ ಇದ್ದವರಿಗೆ ಆರು ತಿಂಗಳ ಗಡುವಿತ್ತು, ನಂತರ ಪಡೆದವರಿಗೆ ಸ್ವಾಧೀನಕ್ಕೆ ಬಂದ 30 ದಿನಗಳ ಗಡುವಿದೆ. ‘ಹೊಂದಿರುವವರು’ ಎಂದರೆ ಆಮದು ಮಾಡಿದವರು ಮಾತ್ರವಲ್ಲ. ಬೆಂಗಳೂರಿನ ಪರಿಚಯಸ್ಥರಿಂದ ಬಾಲ್ ಪೈಥಾನ್ ಮರಿಯನ್ನು ಪಡೆದು ತುಮಕೂರಿನ ಮನೆಯಲ್ಲಿ ಇಟ್ಟುಕೊಂಡವರಿಗೂ ಈ ಹೊಣೆ ಅನ್ವಯಿಸುತ್ತದೆ.

2020ರ ಜೂನ್‌ನಲ್ಲಿ ಕೇಂದ್ರವು ತಂದ ಸ್ವಯಂಘೋಷಣೆಯ ಅವಕಾಶವನ್ನು ಇಲ್ಲಿ ನೆನಪಿಸಿಕೊಳ್ಳುವುದು ಅಗತ್ಯ. ಆಗ ಆರು ತಿಂಗಳೊಳಗೆ ಘೋಷಿಸಿಕೊಂಡವರಿಂದ ಪ್ರಾಣಿಯ ಮೂಲದ ದಾಖಲೆ ಕೇಳುವುದಿಲ್ಲ ಎಂದು ಹೇಳಲಾಗಿತ್ತು. ಅಂದು ಕೈಯಲ್ಲಿದ್ದ ಪ್ರಾಣಿಗಳಿಗೆ ಕೊಟ್ಟ ಆ ಅವಕಾಶವನ್ನು ಇಂದು ಹೊಸ ಹಾವು ತರುವುದಕ್ಕೆ ಅನುಮತಿಯೆಂದು ತೋರಿಸುವ ಮಾರಾಟಗಾರರನ್ನು ನಂಬಬಾರದು. ಕಾಯಿದೆಯನ್ನು ಉಲ್ಲಂಘಿಸಿದರೆ ಸಾಮಾನ್ಯ ಶಿಕ್ಷೆಯೇ ಮೂರು ವರ್ಷಗಳವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು.

ನೋಂದಣಿಯಾದ ಹಾವನ್ನು ಬೇರೆಯವರಿಗೆ ಕೊಟ್ಟರೆ, ಅದು ಮರಿ ಹಾಕಿದರೆ, ಸತ್ತರೆ, ಆಯಾ ಸಂಗತಿಯನ್ನು ತಿಳಿಸಬೇಕು. ಸಾಕಲಾಗದೆ ಬೇಸತ್ತು ದೇವರಾಯನದುರ್ಗದ ಕಾಡಿಗೋ ನಂದಿಬೆಟ್ಟದ ತಪ್ಪಲಿಗೋ ಬಿಟ್ಟುಬರುವುದು ಕರುಣೆಯಾಗದು. ಅಮೆರಿಕದ ಫ್ಲಾರಿಡಾದಲ್ಲಿ ಸಾಕುಪ್ರಾಣಿಯಾಗಿ ಬಂದ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗುನೆಲದಲ್ಲಿ ನೆಲೆಯೂರಿ ಅಲ್ಲಿನ ಸಸ್ತನಿಗಳ ಸಂಖ್ಯೆಯನ್ನು ತೀವ್ರವಾಗಿ ಕುಗ್ಗಿಸಿವೆ. ಇಂತಹ ಆಕ್ರಮಣಕಾರಿ ವಿದೇಶಿ ಜೀವಿಗಳ ಆಮದು, ಸ್ವಾಧೀನ ಮತ್ತು ಹರಡುವಿಕೆಯನ್ನು ನಿಯಂತ್ರಿಸುವ ಅಧಿಕಾರವನ್ನೂ 2022ರ ತಿದ್ದುಪಡಿ ಕೇಂದ್ರಕ್ಕೆ ಕೊಟ್ಟಿದೆ. ಸಾಕಲಾಗದವರು ಹಾವನ್ನು ಹೊರಗೆ ಬಿಡುವ ಬದಲು ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸಿ, ಅದನ್ನು ಒಪ್ಪಿಸುವ ಕ್ರಮವನ್ನು ಕೇಳಿಕೊಳ್ಳಬೇಕು.