ಗಾಜಿನ ಮೇಲೆ ಮೂಡಿದ ಬಿಳಿ ಮೊಗ್ಗುಗಳು ಬೂಷ್ಟೇ, ಹೂವೇ?

ಪ್ರಶ್ನೆ: ಕಿಟಕಿಯ ಗಾಜಿನ ಮೇಲೆ ಕೂದಲಿನಷ್ಟು ತೆಳುವಾದ ತೊಟ್ಟುಗಳು ಮೂಡಿದ್ದು, ಪ್ರತಿಯೊಂದರ ತುದಿಯಲ್ಲೂ ಒಂದು ಬಿಳಿ ಮೊಗ್ಗಿದೆ. ಫೋಟೊ ಕಳುಹಿಸಿದ್ದೇನೆ. ಇದು ಯಾವ ಬೂಷ್ಟು? ಅಥವಾ ಅಪರೂಪದ ಹೂವೇ?

ಉತ್ತರ: ಎರಡೂ ಅಲ್ಲ. ಇವು ಹಸಿರು ಜಾಲರೆಕ್ಕೆ ಕೀಟದ ಮೊಟ್ಟೆಗಳು. ಈ ಉತ್ತರವನ್ನು ಎಷ್ಟು ಬಾರಿ ಬರೆದಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. ಆದರೂ ಪ್ರಶ್ನೆ ನಿಲ್ಲುವುದಿಲ್ಲ, ಏಕೆಂದರೆ ಇದರ ಬೆನ್ನಿಗೆ, ಬೌದ್ಧರ ನಂಬಿಕೆಯಂತೆ 3,000 ವರ್ಷಕ್ಕೊಮ್ಮೆ ಅರಳುವ ‘ಉದುಂಬರ ಪುಷ್ಪ’ದ ಕಥೆ ಅಂಟಿಕೊಂಡಿದೆ. 2010ರಲ್ಲಿ ಚೀನಾದ ಲೂಶಾನ್‌ನಲ್ಲಿ ಬಟ್ಟೆ ಒಗೆಯುವ ಯಂತ್ರದ ಅಡಿಯಲ್ಲಿ ಈ ಹೂವು ಕಂಡಿತೆಂಬ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಅದಕ್ಕೂ ಮೊದಲು ಕೊರಿಯಾದ ಬುದ್ಧ ವಿಗ್ರಹಗಳ ಮೇಲೆ ಕಂಡಿತೆಂದೂ ಹೇಳಲಾಗಿತ್ತು. 3,000 ವರ್ಷಕ್ಕೊಮ್ಮೆ ಬರಬೇಕಾದದ್ದು ಹತ್ತು ಹದಿನೈದು ವರ್ಷಗಳೊಳಗೆ ಇಷ್ಟು ಕಡೆ ಬಂದದ್ದು ಹೇಗೆಂದು ಕೇಳಿಕೊಂಡರೂ ಸಾಕಿತ್ತು.

ಉದುಂಬರವೆಂದರೆ ಅತ್ತಿ ಮರ. ಅದರ ಹೂಗಳು ಕಾಯಿಯೊಳಗೇ ಅಡಗಿರುವುದರಿಂದ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಕಾಣದ ಹೂವು ಅಪರೂಪದ ಹೂವಾದದ್ದು ಸಹಜವೇ. ಆದರೆ ಅತ್ತಿಯ ಹೂವಿಗೂ ಗಾಜಿನ ಮೇಲಿನ ತೊಟ್ಟಿಗೂ ಯಾವ ಸಂಬಂಧವೂ ಇಲ್ಲ. ಒರೆಸಿಟ್ಟ ಗಾಜಿನಲ್ಲಿ, ಉಕ್ಕಿನ ಕೊಳವೆಯಲ್ಲಿ, ದೀಪದ ಬುರುಡೆಯಲ್ಲಿ ಯಾವ ಗಿಡ ಬೇರೂರೀತು? ಬೂಷ್ಟೆಂದು ವಾದಿಸುವವರಿಗೂ ಇದೇ ಮಾತು: ಬೂಷ್ಟಿಗೆ ತಿನ್ನಲು ಏನಾದರೂ ಬೇಕು, ಮತ್ತು ಅದರ ಬುಡದಲ್ಲಿ ಎಳೆಗಳ ಜಾಲ ಹರಡಿರಬೇಕು. ನಿಮ್ಮ ಫೋಟೊದಲ್ಲಿ ಪ್ರತಿ ತೊಟ್ಟಿನ ಬುಡದಲ್ಲಿರುವುದು ಅಂಟಿನ ಒಂದು ಚುಕ್ಕೆ ಮಾತ್ರ.

ಆ ಚುಕ್ಕೆಯಲ್ಲಿಯೇ ಇಡೀ ಕಥೆ ಇದೆ. ರಾತ್ರಿ ದೀಪಕ್ಕೆ ಬಂದ ಹೆಣ್ಣು ಕೀಟ ಹೊಟ್ಟೆಯ ತುದಿಯನ್ನು ಗಾಜಿಗೆ ತಾಗಿಸಿ ಅಂಟುದ್ರವದ ಹನಿಯೊಂದನ್ನಿಟ್ಟು, ಹೊಟ್ಟೆಯನ್ನು ಮೇಲೆತ್ತುತ್ತದೆ; ಹನಿಯು ರೇಷ್ಮೆಯ ಎಳೆಯಾಗಿ ಹಿಗ್ಗಿ ಗಟ್ಟಿಯಾದೊಡನೆ ಅದರ ತುದಿಯಲ್ಲಿ ಸುಮಾರು 1 ಮಿಲಿಮೀಟರ್ ಉದ್ದದ ಮೊಟ್ಟೆಯೊಂದನ್ನು ಕೂರಿಸುತ್ತದೆ. ಇರುವೆಗಳಿಂದಲೂ, ಮೊದಲು ಹೊರಬಂದು ಹಸಿದಿರುವ ಒಡಹುಟ್ಟಿದ ಮರಿಗಳಿಂದಲೂ ಮೊಟ್ಟೆಯನ್ನು ಕಾಯುವುದು ಈ ತೊಟ್ಟೇ. ಹಸಿರು ಛಾಯೆಯ ಮೊಟ್ಟೆ ಕೆಲವು ದಿನಗಳಲ್ಲಿ ಬೂದುಬಣ್ಣಕ್ಕೆ ತಿರುಗಿ ಒಡೆಯುತ್ತದೆ. ಉಳಿಯುವುದು ಬಾಯಿ ತೆರೆದ ಬಿಳಿ ಸಿಪ್ಪೆ. ‘ಹೂವು ಅರಳಿತು’ ಎಂದು ಜನ ಬೆರಗಾಗುವುದು ಆ ದಿನವೇ. ಹೊರಬಂದ ಮರಿ ಸಸ್ಯಹೇನುಗಳನ್ನು ಹಿಡಿದು ಹೀರುವ ಬೇಟೆಗಾರ; ದಯವಿಟ್ಟು ಒರೆಸಿ ಹಾಕಬೇಡಿ.

ಫೋಟೊ ತೆಗೆಯುವವರಿಗೆ ಒಂದು ಮಾತು. ಬರುವ ಚಿತ್ರಗಳಲ್ಲಿ ಹೆಚ್ಚಿನವು ಎದುರಿನಿಂದ, ಜೂಮ್ ಮಾಡಿ, ಫ್ಲ್ಯಾಶ್ ಹಾಕಿ ತೆಗೆದಂಥವು; ಅವುಗಳಲ್ಲಿ ಬಿಳಿ ಚುಕ್ಕೆಯ ಹೊರತು ಏನೂ ಇರುವುದಿಲ್ಲ. ಗಾಜಿಗೆ ಸಮಾನಾಂತರವಾಗಿ ಪಕ್ಕದಿಂದ ತೆಗೆಯಿರಿ, ಹಿಂದೆ ಕಪ್ಪು ಕಾಗದ ಹಿಡಿಯಿರಿ, ಟಾರ್ಚಿನ ಬೆಳಕು ಓರೆಯಾಗಿ ಬೀಳಲಿ, ಅಳತೆಪಟ್ಟಿಯೊಂದು ಚೌಕಟ್ಟಿನೊಳಗಿರಲಿ. ಫೋನನ್ನು ತೀರಾ ಹತ್ತಿರ ಒಯ್ದರೆ ಫೋಕಸ್ ತಪ್ಪುತ್ತದೆ. ತುಸು ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದೇ ಮೇಲು. ಯಾವುದರ ಮೇಲೆ ಕಂಡಿತೆಂಬುದನ್ನು ತಪ್ಪದೆ ಬರೆಯಿರಿ, ಏಕೆಂದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಹಾಗಾದರೆ ತೊಟ್ಟಿನ ತುದಿಯಲ್ಲಿ ತಲೆ ಹೊತ್ತು ನಿಜವಾಗಿಯೂ ಬೆಳೆಯುವಂಥದ್ದು ಯಾವುದೂ ಇಲ್ಲವೇ? ಇದೆ. ಹಳಸಿದ ಬ್ರೆಡ್ಡಿನ ಮೇಲೆ ಕರಿತಲೆಯ ಎಳೆಗಳಾಗಿ ಏಳುವ ರೈಜೋಪಸ್ ಎಂಬ ಬೂಷ್ಟು ಒಂದು. ಅದಕ್ಕಿಂತ ನನಗೆ ಪ್ರಿಯವಾದದ್ದು, ನೆನೆದ ಮರದ ಮೇಲೆ ಕಾಣುವ ಸ್ಟೆಮೊನೈಟಿಸ್ ಎಂಬ ಸ್ಲೈಮ್ ಮೋಲ್ಡ್. ಇದು ಶಿಲೀಂಧ್ರವೂ ಅಲ್ಲ, ಸಸ್ಯವೂ ಅಲ್ಲ. ಅಮೀಬಾದ ಬಳಗಕ್ಕೆ ಸೇರಿದ, ಬ್ಯಾಕ್ಟೀರಿಯಾವನ್ನು ನುಂಗುತ್ತ ಹರಿದಾಡುವ ಜೀವಿ. ಇದರ ಒಂದೇ ಒಂದು ಫೋಟೊ ತೆಗೆದರೆ ಸಾಲದು. ಸಂಜೆ ಬಿಳಿಯ ಲೋಳೆಯಾಗಿದ್ದದ್ದು ಮರುದಿನದ ಹೊತ್ತಿಗೆ ಕಪ್ಪು ತೊಟ್ಟುಗಳ ಮೇಲೆ ಕಂದು ಗರಿಗಳ ಗೊಂಚಲಾಗಿ ನಿಂತಿರುತ್ತದೆ. ಆದ್ದರಿಂದ ಫೋನನ್ನು ಒಂದೇ ಜಾಗದಲ್ಲಿ ಊರಿಟ್ಟು, ಗಂಟೆಗೊಂದು ಚಿತ್ರ ತೆಗೆದು ಕಳುಹಿಸಿ.