ರಕ್ತದೊತ್ತಡದ ಸುದ್ದಿ ರೆನಿನ್ ಕೋಶಗಳನ್ನು ತಲುಪುವ ಬಗೆ

ಸ್ಟಾಕ್‌ಹೋಮ್‌ನ ಕರೊಲಿನ್ಸ್ಕಾ ಸಂಸ್ಥೆಯಲ್ಲಿ ರಾಬರ್ಟ್ ಟೀಗರ್‌ಸ್ಟೆಡ್ ಮತ್ತು ಪೆರ್ ಬೆರ್ಗ್‌ಮನ್ ಮೊಲದ ಮೂತ್ರಪಿಂಡದಿಂದ ತೆಗೆದ ಸಾರವನ್ನು ಮತ್ತೊಂದು ಮೊಲದ ರಕ್ತಕ್ಕೆ ಸೇರಿಸಿದಾಗ ಅದರ ರಕ್ತದೊತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವನ್ನು 1898ರಲ್ಲಿ ಅವರು ರೆನಿನ್ ಎಂದು ಕರೆದರು. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಅಪಧಮನಿಯನ್ನು ಅಮುಕಿ ಬಿಪಿ ಏರುವುದನ್ನು ತೋರಿಸುವ ತನಕ ಈ ಶೋಧ ಹೆಚ್ಚುಕಡಿಮೆ ಮೂಲೆಗುಂಪಾಗಿತ್ತು. ಅದೇ ದಶಕದಲ್ಲಿ ಬೆಲ್ಜಿಯಂನ ನಾರ್ಬರ್ಟ್ ಗೋರ್ಮಾಗ್ಟಿಗ್, ರಕ್ತ ಸೋಸುವ ಗ್ಲೊಮೆರುಲಸ್‌ನ ಬಾಗಿಲಲ್ಲೇ, ಒಳಬರುವ ಕಿರುಧಮನಿಯ ಗೋಡೆಯಲ್ಲಿ ಕಾಣುವ ಕಣಭರಿತ ಕೋಶಗಳು ಹಾರ್ಮೋನ್ ಸ್ರವಿಸುವಂಥವು ಎಂದು ವಾದಿಸಿದರು. ರೆನಿನ್ ಬರುವುದು ಅಲ್ಲಿಂದಲೇ. ಆದರೆ ಒತ್ತಡ ಏರಿದಾಗ ಸ್ರಾವವನ್ನು ನಿಲ್ಲಿಸಬೇಕೆಂದು ಆ ಕೋಶಗಳಿಗೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಬಹುಕಾಲ ಹಾಗೆಯೇ ಉಳಿಯಿತು.

ಉತ್ತರದ ಎಳೆ ಸಿಕ್ಕಿದ್ದು ಮೂತ್ರಪಿಂಡಕ್ಕೆ ಸಂಬಂಧವೇ ಇಲ್ಲದ ಕಡೆಯಲ್ಲಿ. 1950ರ ದಶಕದ ಕೊನೆಗೆ ಫರ್ಶ್‌ಪಾನ್ ಮತ್ತು ಪಾಟರ್, ಕ್ರೇಫಿಶ್ ಎಂಬ ಸಿಗಡಿಜಾತಿಯ ಜೀವಿಯ ನರಗಳಲ್ಲಿ ವಿದ್ಯುತ್ ಸಂಕೇತವು ರಾಸಾಯನಿಕದ ನೆರವಿಲ್ಲದೆ ಒಂದು ಕೋಶದಿಂದ ಮತ್ತೊಂದಕ್ಕೆ ನೇರವಾಗಿ ದಾಟುವುದನ್ನು ಕಂಡರು. 1964ರಲ್ಲಿ ಲೋವೆನ್‌ಸ್ಟೈನ್ ಮತ್ತು ಕಾನ್ನೊ, ನರಕ್ಕೂ ಸ್ನಾಯುವಿಗೂ ಸೇರದ, ಹಣ್ಣುನೊಣದ ಲಾಲಾಗ್ರಂಥಿಯ ಕೋಶಗಳಲ್ಲೂ ಇದೇ ನಡೆಯುತ್ತದೆಂದು ತೋರಿಸಿದರು. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಇದೇ, ಏಕೆಂದರೆ ಯಾವ ಅಂಗದ ಕೋಶಗಳನ್ನಾದರೂ ಇದೇ ಅನುಮಾನದಿಂದ ನೋಡಲು ಇದು ದಾರಿಮಾಡಿತು. 1967ರಲ್ಲಿ ರೆವೆಲ್ ಮತ್ತು ಕಾರ್ನೋವ್‌ಸ್ಕಿ ಲ್ಯಾಂಥನಮ್ ಎಂಬ ಲೋಹವನ್ನು ಬಳಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಜೋಡಣೆಯ ರಚನೆಯನ್ನು ಬಿಡಿಸಿಟ್ಟರು: ಅಲ್ಲಿ ಎರಡು ಕೋಶಗಳ ಪೊರೆಗಳ ನಡುವೆ ಉಳಿಯುವುದು ಕೆಲವೇ ನ್ಯಾನೋಮೀಟರ್‌ಗಳ ಅಂತರ. ಇದೇ ಗ್ಯಾಪ್ ಜಂಕ್ಷನ್. ಪ್ರತಿ ಕೋಶವೂ ಕನೆಕ್ಸಿನ್ ಎಂಬ ಪ್ರೋಟೀನಿನ ಆರು ಘಟಕಗಳಿಂದ ಅರ್ಧ ನಾಳವನ್ನು ಕಟ್ಟುತ್ತದೆ. ಪಕ್ಕದ ಕೋಶದ ಅರ್ಧ ನಾಳ ಅದಕ್ಕೆ ಎದುರಾಗಿ ಕೂಡಿಕೊಂಡಾಗ, ಅಕ್ಕಪಕ್ಕದ ಮನೆಗಳ ನಡುಗೋಡೆಯಲ್ಲಿ ತೆರೆದ ಕಿಂಡಿಯಂತೆ, ಅಯಾನುಗಳೂ ಸುಮಾರು 1,000 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುತೂಕದ ಮಾನ) ಚಿಕ್ಕ ಅಣುಗಳೂ ಅತ್ತಿಂದಿತ್ತ ಓಡಾಡುತ್ತವೆ.

1974ರಲ್ಲಿ ಗ್ಲೊಮೆರುಲಸ್‌ನ ಒಳಗೂ ಹೊರಗೂ ಇದ್ದು ಅದರ ಕಿರುರಕ್ತನಾಳಗಳಿಗೆ ಆಸರೆಯಾಗುವ ಮೆಸಾಂಜಿಯಲ್ ಕೋಶಗಳ ನಡುವೆ ಇಂಥ ಜಂಕ್ಷನ್‌ಗಳಿರುವುದು ವರದಿಯಾಯಿತು. ರೆನಿನ್ ಕೋಶಗಳೂ ಈ ಜಾಲಕ್ಕೆ ಸೇರಿದವೇ. ಮೂತ್ರಪಿಂಡದ ಸೂಕ್ಷ್ಮ ಮೂತ್ರನಾಳದಲ್ಲಿ ಹರಿಯುವ ದ್ರವದ ಉಪ್ಪನ್ನು ಅಳೆಯುವ ಮ್ಯಾಕುಲಾ ಡೆನ್ಸಾ ಕೋಶಗಳು ಮಾತ್ರ ಇದರಿಂದ ಹೊರಗುಳಿದು, ಎಟಿಪಿಯಂಥ ರಾಸಾಯನಿಕಗಳನ್ನು ಹೊರಬಿಟ್ಟು ನೆರೆಯವರಿಗೆ ಸುದ್ದಿ ಮುಟ್ಟಿಸುತ್ತವೆ. ರೆನಿನ್ ಕೋಶಗಳಲ್ಲಿ ಇನ್ನೊಂದು ವಿಚಿತ್ರವೂ ಇದೆ. ಬಹುತೇಕ ಗ್ರಂಥಿಕೋಶಗಳಲ್ಲಿ ಕ್ಯಾಲ್ಸಿಯಂ ಏರಿದರೆ ಸ್ರಾವ ಹೆಚ್ಚುತ್ತದೆ, ಇಲ್ಲಿ ತಗ್ಗುತ್ತದೆ.

ಕನೆಕ್ಸಿನ್‌ಗಳಲ್ಲಿ ಹಲವು ಬಗೆಗಳಿದ್ದು, ರೆನಿನ್ ಕೋಶಗಳಲ್ಲಿ ಹೇರಳವಾಗಿರುವುದು ಕನೆಕ್ಸಿನ್ 40. ಅದರ ಜೀನ್ ಇಲ್ಲದ ಇಲಿಗಳಿಗೆ ಅಧಿಕ ರಕ್ತದೊತ್ತಡ ಇರುತ್ತದೆಂಬುದು ಮೊದಲೇ ತಿಳಿದಿತ್ತು. ತಪ್ಪನ್ನು ರಕ್ತನಾಳದ ಗೋಡೆಯ ಮೇಲೆ ಹೊರಿಸುವುದು ಸುಲಭವಾಗಿತ್ತು. 2007ರಲ್ಲಿ ಜರ್ಮನಿಯ ರೇಗೆನ್ಸ್‌ಬುರ್ಗ್‌ನ ತಂಡವು ಅಂಥ ಇಲಿಗಳ ಮೂತ್ರಪಿಂಡವನ್ನು ದೇಹದಿಂದ ಬೇರ್ಪಡಿಸಿ, ಅದರೊಳಗೆ ದ್ರವ ಹಾಯಿಸುತ್ತಾ ಒತ್ತಡವನ್ನು ಏರಿಳಿಸಿ ನೋಡಿತು. ಸಾಮಾನ್ಯ ಇಲಿಯ ಮೂತ್ರಪಿಂಡ ಒತ್ತಡ ಏರಿದಂತೆ ರೆನಿನ್ ಕಡಿಮೆ ಮಾಡಿದರೆ, ಕನೆಕ್ಸಿನ್ 40 ಇಲ್ಲದ್ದು ಏರಿದ ಒತ್ತಡಕ್ಕೆ ಕಿವಿಗೊಡದೆ ರೆನಿನ್ ಸುರಿಸುತ್ತಲೇ ಇತ್ತು. ಅವುಗಳಲ್ಲಿ ರೆನಿನ್ ಕೋಶಗಳ ಜಾಗವೂ ತಪ್ಪಿತ್ತು; ಅವು ಕಿರುಧಮನಿಯ ಗೋಡೆ ಬಿಟ್ಟು ಗ್ಲೊಮೆರುಲಸ್‌ನ ಹೊರಗಿನ ಮೆಸಾಂಜಿಯಲ್ ಕೋಶಗಳ ನಡುವೆ ನೆಲೆಸಿದ್ದವು. ಮುಂದೆ ಕೋಶದ ಬಗೆಯನ್ನು ಆರಿಸಿ ಜೀನ್ ತೆಗೆದಾಗ, ರಕ್ತನಾಳದ ಒಳಪದರದಲ್ಲಿ ಮಾತ್ರ ತೆಗೆದದ್ದರಿಂದ ಬಿಪಿ ಏರಲಿಲ್ಲ. ರೆನಿನ್ ಕೋಶಗಳಲ್ಲಿ ತೆಗೆದಾಗ ಏರಿತು.

ಹಾಗಾದರೆ ಕಿಂಡಿಯಲ್ಲಿ ದಾಟುವುದು ಕ್ಯಾಲ್ಸಿಯಮ್ಮೇ, ವಿದ್ಯುತ್ತೇ, ಬೇರೊಂದು ಅಣುವೇ? ಇದರ ಬಗ್ಗೆ ಒಮ್ಮತ ಮೂಡಿಲ್ಲ. ಕನೆಕ್ಸಿನ್ 40ರ ಜಾಗದಲ್ಲಿ ಕನೆಕ್ಸಿನ್ 45 ಕೂರಿಸಿದ ಇಲಿಗಳಲ್ಲಿ ರೆನಿನ್ ಮಿತಿಮೀರದೆ ಉಳಿದು, ರಕ್ತದೊತ್ತಡವೂ ಬಹುಮಟ್ಟಿಗೆ ಇಳಿಯಿತು. ಎಂದರೆ ಒಂದು ನಿರ್ದಿಷ್ಟ ಪ್ರೋಟೀನಿಗಿಂತ ಕೋಶಗಳ ನಡುವಿನ ಜೋಡಣೆಯೇ ಇಲ್ಲಿ ಮುಖ್ಯವಿರಬಹುದು.