ಬಂದು ಹೋಗುವ ಫಾಲ್ಟ್ ಹಿಡಿಯುವುದು: ಅರ್ಥ್ ಕಡೆಯಿಂದ ಶುರು ಮಾಡೋಣ

ಓಡುತ್ತಿರುವ ಕಾರಿನ ಪಿಕಪ್ ಇದ್ದಕ್ಕಿದ್ದಂತೆ ಸತ್ತುಹೋಗುತ್ತದೆ. ಹೆಡ್‌ಲೈಟ್ ಮಂಕಾಗುತ್ತದೆ, ಮೀಟರ್ ಬೋರ್ಡಿನಲ್ಲಿ ಮೂರ್ನಾಲ್ಕು ದೀಪ ಒಟ್ಟಿಗೆ ಹತ್ತುತ್ತವೆ. ಗ್ಯಾರೇಜಿಗೆ ತಂದರೆ ಏನೂ ಆಗಿಲ್ಲ ಎನ್ನುವ ಹಾಗೆ ಓಡುತ್ತದೆ. ಇಂಥ ಗಾಡಿಗೆ ಕೈ ಹಾಕುವ ಮೊದಲು ಓನರ್ ಜೊತೆ ಹತ್ತು ನಿಮಿಷ ಮಾತಾಡಿ. ಎಂಜಿನ್ ಬಿಸಿಯಾದ ಮೇಲೆ ಹೀಗಾಗುತ್ತಾ? ಮಳೆಯಲ್ಲಾ? ಹಂಪ್ ಹತ್ತಿಳಿದಾಗಲಾ? ಎಸಿ ಹಾಕಿದಾಗಲಾ?

ಆರ್‌ಪಿಎಂ ಮುಳ್ಳಿನ ಬಗ್ಗೆಯೂ ಕೇಳಿ. ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಮುಳ್ಳು ಪಟ್ ಅಂತ ಸೊನ್ನೆಗೆ ಬಿದ್ದರೆ, ಎಂಜಿನ್ ತಿರುಗುತ್ತಿದೆ, ಸಿಗ್ನಲ್ ಮಾತ್ರ ನಿಂತಿದೆ ಎಂದರ್ಥ. ಆಗ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್), ಅದರ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಅಥವಾ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಹೋಗುವ ಸಪ್ಲೈ ಮೇಲೆ ಅನುಮಾನ. ಮುಳ್ಳು ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಪೆಟ್ರೋಲ್ ಪಂಪ್, ಅದಕ್ಕೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇ ಕಡೆ ನೋಡಿ.

ಒಂದಕ್ಕೊಂದು ಸಂಬಂಧವಿಲ್ಲದ ತೊಂದರೆಗಳು ಒಟ್ಟಿಗೆ ಬಂದರೆ? ಅವೆಲ್ಲಕ್ಕೂ ಸೇರಿದ್ದು ಯಾವುದು ಎಂದು ಹುಡುಕಬೇಕು. ಹೆಚ್ಚಿನ ಸಲ ಅದು ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಅಲ್ವಾ? ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿಗೆ ಹೋದ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರಬೇಕಾದರೆ ಎಂಜಿನ್‌ಗೆ ಕಟ್ಟಿದ ದಪ್ಪ ಅರ್ಥ್ ವೈರೇ ದಾರಿ. ಆ ದಾರಿ ಕೆಟ್ಟರೆ ಕರೆಂಟ್ ಬೇರೆ ದಾರಿ ಹಿಡಿಯುತ್ತದೆ. ಹಳೆಯ ಗಾಡಿಗಳಲ್ಲಿ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿ ಹಾಳಾಗುವುದೂ ಇದೇ ಕಾರಣಕ್ಕೆ.

ಇಲ್ಲೇ ನಾವೆಲ್ಲ ಎಡವುವುದು. ಮಲ್ಟಿಮೀಟರನ್ನು ಓಮ್ಸ್‌ಗೆ (ತಡೆ ಅಳೆಯುವ ಜಾಗಕ್ಕೆ) ಹಾಕಿ, ಬೀಪ್ ಬಂತು, ವೈರ್ ಸರಿ ಇದೆ ಎಂದುಬಿಡುತ್ತೇವೆ. ಮೀಟರ್ ಆಗ ಕಳಿಸುವ ಕರೆಂಟ್ ತೀರಾ ಚಿಕ್ಕದು. ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಲೆಕ್ಕ ಹಾಕಿ ನೋಡಿ: ಜಾಯಿಂಟಿನಲ್ಲಿ 0.02 ಓಮ್ ಇದೆ ಎಂದುಕೊಳ್ಳೋಣ. ಸಾಮಾನ್ಯ ಮೀಟರಿಗೆ ಇದು ಕಾಣುವುದೇ ಇಲ್ಲ, ಅದರ ಲೀಡ್‌ಗಳಲ್ಲೇ ಇದಕ್ಕಿಂತ ಜಾಸ್ತಿ ಇರುತ್ತದೆ. ಸೆಲ್ಫ್ 150 ಆಂಪಿಯರ್ ಎಳೆದಾಗ ಅದೇ ಜಾಗದಲ್ಲಿ 3 ವೋಲ್ಟ್ ಕಳೆದುಹೋಗುತ್ತದೆ.

ಹಾಗಾಗಿ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಸ್ಟಾರ್ಟ್ ಆಗದಂತೆ ಫ್ಯುಯೆಲ್ ಪಂಪ್ ರಿಲೇ ತೆಗೆಯಿರಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಕೆಂಪು ಲೀಡ್ ಎಂಜಿನ್ನಿನ ಬರಿ ಲೋಹದ ಮೇಲೆ, ಕಪ್ಪು ಲೀಡ್ ಬ್ಯಾಟರಿ ನೆಗೆಟಿವ್‌ನ ಸೀಸದ ಗುಬುಟಿನ ಮೇಲೆ. ಕ್ಲ್ಯಾಂಪ್ ಮೇಲೆ ಬೇಡ, ಕೊಳೆ ಇರುವುದು ಅವೆರಡರ ನಡುವೆಯೇ ಇರಬಹುದು. ಈಗ ಸೆಲ್ಫ್ ಹೊಡೆಸಿ. 0.2 ವೋಲ್ಟ್ ಆಸುಪಾಸು ಬಂದರೆ ಸರಿ. 0.5 ದಾಟಿದರೆ ದಾರಿಯನ್ನು ತುಂಡು ಮಾಡಿ ಅಳೆಯಿರಿ: ಗುಬುಟಿನಿಂದ ಕ್ಲ್ಯಾಂಪ್, ಕ್ಲ್ಯಾಂಪಿನಿಂದ ಬಾಡಿ, ಬಾಡಿಯಿಂದ ಎಂಜಿನ್. ಎಲ್ಲಿ ವೋಲ್ಟ್ ಕಾಣುತ್ತದೋ ಅಲ್ಲೇ ಫಾಲ್ಟ್.

ನಾನು ಇದನ್ನು ಕಲಿತದ್ದು ಒಂದು ಹಳೆಯ ಪೆಟ್ರೋಲ್ ಕಾರಿನಲ್ಲಿ. ಎರಡು ಸೆನ್ಸರ್ ಆಗಲೇ ಬದಲಾಗಿದ್ದವು. ಸ್ಕ್ಯಾನರ್‌ನಲ್ಲಿ ಪಿ0562 ಎಂಬ ಕೋಡ್ ಇತ್ತು, ಅಂದರೆ ಸಿಸ್ಟಮ್ ವೋಲ್ಟೇಜ್ ಕಡಿಮೆ. ಬ್ಯಾಟರಿ 12.6 ವೋಲ್ಟ್, ಚಾರ್ಜಿಂಗ್ 14.1 ವೋಲ್ಟ್. ಎರಡೂ ಸರಿ. ಬಾಡಿಯಿಂದ ಎಂಜಿನ್‌ಗೆ ಮಾತ್ರ 1.8 ವೋಲ್ಟ್! ಬೋಲ್ಟ್ ಬಿಚ್ಚಿದರೆ ವಾಷರ್ ಕೆಳಗೆ ಪೇಂಟ್, ಅದರ ಸುತ್ತ ತುಕ್ಕು. ಎಮರಿ ಪೇಪರ್ ಹಾಕಿ ಉಜ್ಜಿ, ಹೊಸ ಅರ್ಥ್ ವೈರ್ ಕಟ್ಟಿ ಮತ್ತೆ ಅಳೆದೆ: 0.1.

ಅರ್ಥ್ ಸರಿ ಇದ್ದೂ ಫಾಲ್ಟ್ ಉಳಿದರೆ, ಎಂಜಿನ್ ಐಡಲ್‌ನಲ್ಲಿಟ್ಟು ಕಪ್ಲರ್‌ಗಳನ್ನು ಒಂದೊಂದಾಗಿ ಅಲುಗಾಡಿಸಿ, ಯಾವುದಕ್ಕೆ ಎಂಜಿನ್ ತಡವರಿಸುತ್ತದೆ ನೋಡಿ. ಬಿಸಿಯಾದಾಗ ಮಾತ್ರ ಆಫ್ ಆಗಿ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರಿಗೆ ಹೇರ್ ಡ್ರೈಯರ್ ಹಿಡಿದು ನೋಡಬಹುದು. ಹಳದಿ ಕಪ್ಲರ್ ಮಾತ್ರ ಮುಟ್ಟಬೇಡಿ, ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು.